ನಮ್ಮ ಪಿ.ಟಿ. ಮೇಷ್ಟ್ರು ಮತ್ತು ಸೈನಾ

ಪಿ.ಟಿ. ಮೇಷ್ಟ್ರು ತೀರಿಕೊಂಡ ಸುದ್ದಿ ನಾನು ಕೆಲಸದಲ್ಲಿದ್ದಾಗ ಬಂತು. ಆಮೇಲೆ ಆ ದಿನ ಏನೂ ಮಾಡಲಾಗಲಿಲ್ಲ. ಅವರು ಆಟ ಕಲಿಸುತ್ತಿದ್ದ ಈ ಶಾಲೆಯಲ್ಲಿ ನಾನು ಐದು ವರ್ಷ ಓದಿದ್ದೇನೆ. ಬೀಜಗಣಿತ, ವ್ಯಾಕರಣ ಎಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಸುಣ್ಣದ ಪುಡಿಯಲ್ಲಿ ಅವರು ಎಳೆಯುತ್ತಿದ್ದ ಬ್ಯಾಡ್ಮಿಂಟನ್ ಕೋರ್ಟಿನ ಗೆರೆ ಮತ್ತು "ಕಾಲು ಮೊದಲು, ಕೈ ಆಮೇಲೆ!" ಎಂಬ ಕೂಗು ಮಾತ್ರ ಹಾಗೇ ಉಳಿದಿವೆ.

ಮೇಷ್ಟ್ರಿಗೆ ಬ್ಯಾಡ್ಮಿಂಟನ್ ಆಟಗಾರ್ತಿ ಸೈನಾ ನೆಹ್ವಾಲ್ ಅಂದ್ರೆ ಪ್ರಾಣ. 2006ರಲ್ಲಿ, 16ರ ವಯಸ್ಸಿಗೇ ಸೈನಾ ಫಿಲಿಪೀನ್ಸ್ ಓಪನ್ ಗೆದ್ದಾಗಿನಿಂದ ಪೇಪರ್ ಕಟಿಂಗ್ ಕೂಡಿಸಿಟ್ಟಿದ್ದರು. ಆದರೆ ಆಟದ ಸಾಮಾನಿನ ಬೀರುವಿನ ಬಾಗಿಲಿಗೆ ಅಂಟಿಸಿದ್ದು ಒಂದು ಸೋಲಿನ ಸುದ್ದಿ. 2008ರ ಬೀಜಿಂಗ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್, ಮೂರನೇ ಗೇಮ್‌ನಲ್ಲಿ 11-3 ಮುಂದಿದ್ದು ಸೋತ ಪಂದ್ಯ. "ಇದ್ಯಾಕೆ ಸಾರ್?" ಅಂತ ಕೇಳಿದ್ದಕ್ಕೆ, "ಮುಂದಿನ ವರ್ಷವೇ ಇಂಡೋನೇಷ್ಯಾ ಓಪನ್ ಗೆದ್ದಳಲ್ಲಮ್ಮ" ಅಂದಿದ್ದರು.

ಒಮ್ಮೆ ಆ ಬೀರುವಿನ ಬೀಗದ ಕೈಯನ್ನೇ ನಾವು ಹಾಸ್ಟೆಲ್ ಹುಡುಗಿಯರು ಕದ್ದೆವು. ಆಗ 9ನೇ ಕ್ಲಾಸು. ದಿನಾ ಆಡಲು ಪ್ಲಾಸ್ಟಿಕ್ ಶಟಲ್, ಗರಿಯದ್ದು ಪಂದ್ಯಕ್ಕೆ ಮಾತ್ರ. ಒಂದು ಭಾನುವಾರ 12 ಶಟಲ್‌ಗಳ ಹೊಸ ಡಬ್ಬ ತೆಗೆದು, ಗಾಳಿಯಲ್ಲಿ ಸಿಮೆಂಟ್ ಅಂಗಳದ ಮೇಲೆ ಆಡಿ, ಸಂಜೆಯೊಳಗೆ ಎಲ್ಲವನ್ನೂ ಮುರಿದೆವು.

ಸೋಮವಾರ ಮೇಷ್ಟ್ರು ಬೈಯಲಿಲ್ಲ. ಅಂಗಳದಲ್ಲಿ ಬಿದ್ದಿದ್ದ ಗರಿಗಳನ್ನೆಲ್ಲ ಆರಿಸಿ ತರಲು ಹೇಳಿದರು. ವರಾಂಡದಲ್ಲಿ ಕೂರಿಸಿ ಎಣಿಸಿದರು. ಒಂದು ಶಟಲ್‌ಗೆ 16ರಂತೆ 192 ಇರಬೇಕಿತ್ತು. ನಮಗೆ ಸಿಕ್ಕಿದ್ದು 171. ಒಂದು ಗರಿ ಎತ್ತಿ, "ಎಲ್ಲ ಒಂದೇ ಕಡೆ ಬಾಗಿವೆ ನೋಡಿ. ಎಡ ರೆಕ್ಕೆದು, ಬಲ ರೆಕ್ಕೆದು ಬೆರೆಸೋ ಹಾಗಿಲ್ಲ" ಅಂದರು. ಆಮೇಲೆ ಸೈನಾ ಅಪ್ಪನ ಕಥೆ ಹೇಳಿದರು. ಹರಿಯಾಣದಿಂದ ಹೈದರಾಬಾದಿಗೆ ಬಂದ ಕೃಷಿ ವಿಜ್ಞಾನಿ ಅವರು. ಎಂಟು ವರ್ಷದ ಮಗಳನ್ನು ಬೆಳಕು ಹರಿಯುವ ಮೊದಲೇ ಸ್ಕೂಟರಿನಲ್ಲಿ ಸ್ಟೇಡಿಯಂಗೆ ಕರೆದೊಯ್ಯುತ್ತಿದ್ದರಂತೆ. ನಿದ್ದೆಗಣ್ಣಲ್ಲಿ ಮಗು ಬಿದ್ದೀತು ಅಂತ ತಾಯಿಯೂ ಹಿಂದೆ ಕೂರುತ್ತಿದ್ದರು. ರಾಕೆಟ್, ಶಟಲ್‌ಗಳ ಖರ್ಚಿಗೆ ಪಿ.ಎಫ್. ದುಡ್ಡು ತೆಗೆದಿದ್ದರು. ನನ್ನ ಗೆಳತಿ ಅತ್ತಳು. ನಾನು ಅಳಲಿಲ್ಲ. ಮರುದಿನದಿಂದ ಪ್ರಾರ್ಥನೆಗೆ ಮುಂಚೆ ಒಂದು ಗಂಟೆ ಗ್ರೌಂಡಿನಲ್ಲಿರುತ್ತಿದ್ದೆ.

2012ರ ಆಗಸ್ಟ್ 4ರ ಶನಿವಾರ ಮೇಷ್ಟ್ರು ವಾರ್ಡನ್ ಅವರನ್ನು ಒಪ್ಪಿಸಿ ನಮ್ಮನ್ನೆಲ್ಲ ತಮ್ಮ ಮನೆಗೆ ಕರೆದುಕೊಂಡು ಹೋದರು. ಲಂಡನ್‌ನಲ್ಲಿ ಕಂಚಿಗಾಗಿ ಪಂದ್ಯ, ಎದುರಿಗೆ ಚೀನಾದ ವಾಂಗ್ ಶಿನ್. ಮೊದಲ ಗೇಮ್ ಮುಗಿಯುವ ಹೊತ್ತಿಗೆ ವಾಂಗ್ ಮಂಡಿಗೆ ಪೆಟ್ಟಾಯಿತು. 21-18ರಲ್ಲಿ ಆ ಗೇಮ್ ವಾಂಗ್ ಗೆದ್ದರೂ, ಎರಡನೆಯದರಲ್ಲಿ ಒಂದೇ ಪಾಯಿಂಟ್ ಆಡಿ ನಿಲ್ಲಿಸಿದರು. ಬ್ಯಾಡ್ಮಿಂಟನ್‌ನಲ್ಲಿ ಭಾರತಕ್ಕೆ ಮೊದಲ ಒಲಿಂಪಿಕ್ ಪದಕ! ನಾವು ಕುಣಿದೆವು. ಮೇಷ್ಟ್ರು ಕೈ ಎತ್ತಿ, "ಸ್ವಲ್ಪ ಸುಮ್ನಿರ್ರಮ್ಮ. ಆ ಮಗು ಮಂಡಿ ನೋಡಿ" ಅಂದರು. ವಾಂಗ್ ಕೋರ್ಟ್ ಬಿಟ್ಟು ಹೋದ ಮೇಲೇ ನಮಗೆ ಸಿಹಿ ಹಂಚಿದ್ದು.

ಮುಂದೆ ನಾನು ಬೆಂಗಳೂರಿನ ಕಾಲೇಜು ಸೇರಿದೆ. ಸೈನಾ ಕೂಡ 2014ರಲ್ಲಿ ವಿಮಲ್ ಕುಮಾರ್ ಅವರ ಹತ್ತಿರ ತರಬೇತಿಗೆ ಬೆಂಗಳೂರಿಗೆ ಬಂದರು, ಮರುವರ್ಷ ವಿಶ್ವದ ನಂಬರ್ ಒನ್ ಆದರು. ನಾನೂ ವಿಶ್ವವಿದ್ಯಾಲಯದ ತಂಡಕ್ಕೆ ಎರಡು ವರ್ಷ ಆಡಿದೆ, ಒಂದು ವರ್ಷ ನಾಯಕಿಯಾಗಿದ್ದೆ. ಕಾಲಿನ ಚುರುಕು ಕಂಡು ಯಾರಾದರೂ ಹೊಗಳಿದರೆ ನಮ್ಮ ಮೇಷ್ಟ್ರ ಹೆಸರು ಹೇಳುತ್ತಿದ್ದೆ. 2016ರ ರಿಯೊದಲ್ಲಿ ಮಂಡಿ ನೋವಿನಲ್ಲೇ ಆಡಿ ಸೈನಾ ಬೇಗ ಹೊರಬಿದ್ದರು, ಆಮೇಲೆ ಆಪರೇಷನ್ ಆಯಿತು. ಮುಗೀತು ಅಂತ ತುಂಬಾ ಜನ ಅಂದರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಫೈನಲ್‌ನಲ್ಲಿ ಸಿಂಧು ವಿರುದ್ಧ 21-18, 23-21ರಲ್ಲಿ ಗೆದ್ದ ದಿನ ಮೇಷ್ಟ್ರೇ ಫೋನ್ ಮಾಡಿದರು. "ಆಪರೇಷನ್ ಆದ ಮಂಡಿ ಕಣಮ್ಮ ಅದು!" ಅಂದರು. ಅವರ ಧ್ವನಿ ನಡುಗುತ್ತಿತ್ತು.

ಶ್ರದ್ಧಾಂಜಲಿ ಸಭೆಗೆ ಬಂದಾಗ ಆ ಬೀರು ನೋಡಿದೆ. ರಾಕೆಟ್‌ಗಳ ಮೇಲೆ ಧೂಳು. ಪಿ.ಟಿ. ಪೀರಿಯಡ್‌ನಲ್ಲಿ ಈಗ ಜಾಸ್ತಿ ಗಣಿತದ ಟೆಸ್ಟ್ ಅಂತೆ. ಮಕ್ಕಳು ಬೆವರದೆ ಮನೆಗೆ ಹೋಗುತ್ತಿದ್ದಾರೆ ಅಂತ ಕೇಳಿ ಸಂಕಟವಾಯಿತು.

ಶಾಲೆಗೆ ಎರಡು ನೆಟ್, ಆರು ಡಬ್ಬ ಗರಿಯ ಶಟಲ್ ಕಳಿಸಿದ್ದೇನೆ. ಪಂದ್ಯಕ್ಕೆ ಅಂತ ಎತ್ತಿಡಬೇಡಿ. ಬೀಗದ ಕೈ ಮಕ್ಕಳ ಕೈಗೆ ಸಿಗುವ ಕಡೆ ಇರಲಿ.