ಕಾಫಿ ಕಲೆ

"ಕಾಫಿ ಜಾಸ್ತಿ ಕುಡೀತೀರಾ?"

ಸೋಮವಾರ, ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿ ನನ್ನ ಹಲ್ಲಿನ ಕಂದು ಕಲೆ ನೋಡಿ ಕೇಳಿದ ಪ್ರಶ್ನೆ. ನಾನು "ಹೂಂ" ಅಂದುಬಿಟ್ಟೆ. ಕುಡಿಯುವುದು ಟೀ, ಅದೂ ದಿನಕ್ಕೊಂದು ಲೋಟ.

ಹುಡುಗಿ ಒಳ್ಳೆಯವಳೇ. ಪಿಪೆಟ್ ಹಿಡಿದಾಗಲೂ ಮಾತು ನಿಲ್ಲಿಸಲ್ಲ, ಅದೊಂದೇ ತಕರಾರು. ಆದರೆ ನಾನು ಯಾಕೆ ಸುಳ್ಳು ಹೇಳಿದೆ? ಶಿಕಾಗೋದಲ್ಲಿ ಎರಡು ವರ್ಷದಿಂದ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರದ ಮೇಲೇ ಪೋಸ್ಟ್‌ಡಾಕ್ (ಪಿಎಚ್‌ಡಿ ಆದಮೇಲಿನ ಸಂಶೋಧನೆ) ಮಾಡುತ್ತಿರುವವನು. ಈ ಕಲೆ ಏನು ಅಂತ ಅವಳಿಗೆ ಅರ್ಧ ಗಂಟೆ ಪಾಠ ಮಾಡಬಹುದಿತ್ತು.

ನಮ್ಮೂರು ಪಾವಗಡದ ಹತ್ತಿರ. ಬೋರ್‌ವೆಲ್ ನೀರು. ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್ ದಾಟಬಾರದು ಅಂತ ಸರ್ಕಾರದ ಲೆಕ್ಕ. ನಮ್ಮ ಬೋರ್‌ವೆಲ್ಲಿಗೆ ಆ ಲೆಕ್ಕ ಗೊತ್ತಿರಲಿಲ್ಲ. ಎನಾಮಲ್ ಕಟ್ಟುವ ಕೋಶಗಳು ಮೊದಲು ಪ್ರೋಟೀನ್ ಹರಡಿ, ಆಮೇಲೆ ಅದನ್ನು ತೆಗೆಯುತ್ತಾ ಆ ಜಾಗಕ್ಕೆ ಖನಿಜ ತುಂಬುತ್ತವೆ. ಫ್ಲೋರೈಡ್ ಜಾಸ್ತಿಯಾದರೆ ಪ್ರೋಟೀನ್ ಪೂರ್ತಿ ಹೋಗಲ್ಲ. ಒಳಗೆ ಸಣ್ಣ ತೂತುಗಳು ಉಳಿಯುತ್ತವೆ, ಹಲ್ಲು ಬಂದಮೇಲೆ ಅವುಗಳಲ್ಲಿ ಬಣ್ಣ ಇಳಿಯುತ್ತೆ. ಅಷ್ಟರಲ್ಲಿ ಕಟ್ಟಿದ ಕೋಶಗಳೂ ಸತ್ತಿರುತ್ತವೆ. ರಿಪೇರಿಗೆ ಯಾರೂ ಇಲ್ಲ.

ಅಮ್ಮನ ತವರು ಮಲೆನಾಡು. ಮದುವೆಯಾಗಿ ಬಂದು 35 ವರ್ಷ ಅದೇ ನೀರು ಕುಡಿದಿದ್ದಾಳೆ, ಹಲ್ಲು ಇವತ್ತಿಗೂ ಮಲ್ಲಿಗೆ ಮೊಗ್ಗು. (ಮಂಡಿ ನೋವಿನ ಕಥೆ ಬೇರೆ.) ಅವಳ ಎನಾಮಲ್ ತವರಲ್ಲೇ ಕಟ್ಟಿ ಮುಗಿದಿತ್ತು. ನನ್ನದು, ತಂಗಿಯದು ಕಂದು ಪಟ್ಟೆ. "ನೆಟ್ಟಗೆ ಉಜ್ಜಲ್ಲ ನೀವು" ಅಂತ ಬೈಗುಳ ಬೇರೆ. ನಮ್ಮನೆ ಫೋಟೋಗಳಲ್ಲಿ ಹಲ್ಲು ಬಿಟ್ಟು ನಗುತ್ತಿರುವುದು ಅಮ್ಮ ಒಬ್ಬಳೇ.

ಬುಧವಾರ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಹೊಸ ಸ್ಯಾಂಪಲ್ ನೋಡಿದೆ. ಯಾರಿಂದಲೋ ಕಿತ್ತ ದವಡೆ ಹಲ್ಲು. ಎನಾಮಲ್ ಮತ್ತೆ ಬೆಳೆಯುತ್ತಾ ನೋಡೋಣ ಅಂತ ಅರ್ಧ ನಿಮಿಷ ಆಸಿಡ್ ಹಚ್ಚಿ ತೊಳೆದು, 37 ಡಿಗ್ರಿಯ ಖನಿಜದ ದ್ರಾವಣದಲ್ಲಿ ಮುಳುಗಿಸಿಟ್ಟಿದ್ದೆ. ಹರಳು ಬೆಳೆದಿತ್ತು. ಆದರೆ ನಿಜವಾದ ಎನಾಮಲ್ಲಿನಲ್ಲಿ ಸಾವಿರಾರು ಹರಳು ಸೇರಿ ಒಂದೊಂದು ಎಳೆ, ಎಳೆಗೆ ಎಳೆ ಜಡೆಯ ಹಾಗೆ ಹೆಣೆದಿರುತ್ತೆ. ನಾನು ಬೆಳೆಸಿದ್ದು ಕೊಯ್ದ ರಾಗಿ ಹೊಲದ ಕೂಳೆ. ಹಸುಗೂಸು ದವಡೆಯೊಳಗೆ ನಿದ್ದೆಯಲ್ಲೇ ಮಾಡಿ ಮುಗಿಸುವ ಕೆಲಸ ಇದು. ತಮಾಷೆ ಅಂದರೆ, ಆ ದ್ರಾವಣಕ್ಕೆ ಚೂರು ಫ್ಲೋರೈಡ್ ಹಾಕುವುದು ನಾನೇ, ಹರಳು ಬೇಗ ಕಟ್ಟಲಿ ಅಂತ. ಈ ದೇಶದ ಬಹಳಷ್ಟು ಕಡೆ ಹಲ್ಲು ಹುಳುಕಾಗದಿರಲಿ ಅಂತ ನಲ್ಲಿ ನೀರಿಗೂ ಬೆರೆಸುತ್ತಾರೆ, ಲೀಟರಿಗೆ 0.7 ಮಿಲಿಗ್ರಾಂ. ಸಾರಿಗೆ ಉಪ್ಪಿನ ಹದ, ಅಲ್ವಾ.

ಪರದೆ ನೋಡುತ್ತಾ ಕೂತಾಗಲೂ ಅದೇ ಪ್ರಶ್ನೆ. ಕಾಫಿ ಜಾಸ್ತಿ ಕುಡೀತೀರಾ? "ಇಲ್ಲ, ನಮ್ಮೂರ ನೀರು" ಅಂದಿದ್ದರೆ ಮುಗಿಯುತ್ತಿತ್ತು. ಆಮೇಲೆ ಅವಳ ಮುಖ ಅಯ್ಯೋ ಪಾಪ ಅನ್ನುತ್ತಿತ್ತು. ಅದನ್ನು ಹಾಸ್ಟೆಲ್ಲಿನಲ್ಲಿ ಸಾಕಷ್ಟು ನೋಡಿದ್ದೇನೆ. ಕಾಫಿ ಅಂದರೆ ನನ್ನ ಚಟ, ನಾನೇ ಆರಿಸಿಕೊಂಡಿದ್ದು. ನೀರನ್ನು ಯಾರು ಆರಿಸಿಕೊಂಡರು?

ಶುಕ್ರವಾರ ಬೆಳಿಗ್ಗೆ ಅವಳು ನನ್ನ ಮೇಜಿನ ಮೇಲೆ ದೊಡ್ಡ ಕಪ್ ಇಟ್ಟಳು. "ನಿಮಗೆ ಇಷ್ಟ ಅಲ್ವಾ, ಅದಕ್ಕೇ ಕಾಫಿ ತಂದಿದ್ದೀನಿ" ಅಂದಳು. ಹಾಲಿಲ್ಲ, ಸಕ್ಕರೆಯಿಲ್ಲ. ಪೂರ್ತಿ ಕುಡಿದೆ.