ಮೈಸೂರು ರೇಸ್‌ಕೋರ್ಸಿಗೆ ಲೆಕ್ಕದ ಹಾಳೆ ಹಿಡಿದು

ಮಳೆಗಾಲದ ಮೈಸೂರು ರೇಸಿಗೆ ಹೊರಟವರು ಕುದುರೆಗಿಂತ ಮೊದಲು ನೆಲದ ಸಮಾಚಾರ ಕೇಳಬೇಕು. ಪೆನಿಟ್ರೋಮೀಟರ್ ಅಂತ ಒಂದು ಸಲಕರಣೆ ಇದೆ. ಗೊತ್ತುಪಡಿಸಿದ ತೂಕವನ್ನು ಗೊತ್ತುಪಡಿಸಿದ ಎತ್ತರದಿಂದ ಬೀಳಿಸಿ, ಅದರ ಕಡ್ಡಿ ಟ್ರ್ಯಾಕಿನೊಳಗೆ ಎಷ್ಟು ಇಳಿಯಿತು ಅಂತ ಅಳೆಯುತ್ತಾರೆ. ಅಂಕಿ ಹೆಚ್ಚಿದಷ್ಟೂ ನೆಲ ಮೆತ್ತಗೆ. ಆ ಸೆಪ್ಟೆಂಬರ್ ಮಧ್ಯಾಹ್ನ ನನ್ನ ಕೈಲಿದ್ದದ್ದು ಬೆಳಗಿನ ಅಂಕಿ ಸೇರಿಸಿ ಮನೆಯಲ್ಲೇ ಕಂಪ್ಯೂಟರಿನಿಂದ ತೆಗೆದ ಒಂದು ಹಾಳೆ: ಪ್ರತಿ ರೇಸಿನ ಪ್ರತಿ ಕುದುರೆಗೂ ಗೆಲ್ಲುವ ಸಂಭವ ಶೇಕಡಾ ಎಷ್ಟು ಅಂತ. ಎರಡನೇ ರೇಸ್ ಮುಗಿಯುವಷ್ಟರಲ್ಲಿ ಚಾಮುಂಡಿ ಬೆಟ್ಟದ ಕಡೆಯಿಂದ ಜೋರು ಮಳೆ ಬಂದು ಅರ್ಧ ಗಂಟೆ ಹೊಯ್ದು ಹೋಯಿತು.

ಹಾಳೆ ಹೇಗೆ ತಯಾರಾಗುತ್ತದೆ ಅಂತ ಹೇಳಿಬಿಡುತ್ತೇನೆ, ಮುಂದಿನ ಮಾತಿಗೆ ಅದು ಬೇಕು. ಒಂದು ಕುದುರೆಯ ಹಿಂದಿನ ಐದಾರು ಓಟ ತೆಗೆದುಕೊಳ್ಳಿ. ಗೆದ್ದ ಕುದುರೆಗಿಂತ ಎಷ್ಟು ಲೆಂತ್ (ಒಂದು ಕುದುರೆಯ ಮೈಯುದ್ದ) ಹಿಂದಿತ್ತು ಅನ್ನುವುದನ್ನು ತೂಕಕ್ಕೆ ಬದಲಾಯಿಸಬೇಕು. ಕುದುರೆ ಹೊರಬೇಕಾದ ತೂಕ ಗೊತ್ತುಮಾಡುವ ಹ್ಯಾಂಡಿಕ್ಯಾಪರ್‌ಗಳ ಹಳೆಯ ರೂಢಿ ಪ್ರಕಾರ 1000 ಮೀಟರ್ ಓಟದಲ್ಲಿ ಒಂದು ಲೆಂತ್ ಅಂದರೆ ಸುಮಾರು 1.4 ಕೆಜಿ, 1600 ಮೀಟರ್‌ನಲ್ಲಿ ಸುಮಾರು 0.9 ಕೆಜಿ. ಹೋದ ಸಲ ಸಮ ಹೊರೆ ಹೊತ್ತು 1000 ಮೀಟರ್‌ನಲ್ಲಿ ಮೂರು ಲೆಂತ್‌ನಿಂದ ಸೋತ ಕುದುರೆಗೆ ಇವತ್ತು ಅದೇ ಎದುರಾಳಿಗಿಂತ ನಾಲ್ಕು ಕೆಜಿ ಕಡಿಮೆ ಹೊರೆ ಸಿಕ್ಕರೆ ಕಾಗದದ ಮೇಲೆ ಇಬ್ಬರೂ ಹೆಚ್ಚುಕಡಿಮೆ ಸರಿಸಮ. ಅದಕ್ಕೆ ಜಾಕಿ, ಗೇಟ್ ನಂಬರ್ (ಒಳಬದಿಯಿಂದ ಎಷ್ಟನೇ ಜಾಗದಿಂದ ಓಟ ಶುರು), ಎಷ್ಟು ದಿನದ ಬಿಡುವಿನ ಮೇಲೆ ಓಡುತ್ತಿದೆ, ಮೆತ್ತನೆ ನೆಲದಲ್ಲಿ ಹಿಂದೆ ಹೇಗೆ ಓಡಿತ್ತು, ಬೆಳಗಿನ ಟ್ರ್ಯಾಕ್ ವರ್ಕ್‌ನಲ್ಲಿ ಕೊನೆಯ 600 ಮೀಟರ್ ಎಷ್ಟು ಸೆಕೆಂಡು, ಇವೆಲ್ಲ ಸೇರುತ್ತವೆ.

ಟೈಮಿಂಗ್ ನಂಬಿದವರು ಎಡವುವುದು ಬಹುಮಟ್ಟಿಗೆ ಫಾಲ್ಸ್ ರೈಲ್‌ನಲ್ಲಿ. ಒಳಬದಿಯ ಹುಲ್ಲು ಸವೆಯದಂತೆ ಕಟಕಟೆಯನ್ನು ಕೆಲವು ಮೀಟರ್ ಹೊರಗೆ ಹಾಕುತ್ತಾರೆ. ಐದು ಮೀಟರ್ ಹೊರಗೆ ಹಾಕಿದರೆ, ಓಟದಲ್ಲಿ ಅರ್ಧ ವೃತ್ತದಷ್ಟು ತಿರುವಿದ್ದಾಗ, ಕುದುರೆ ಓಡುವ ದೂರ 15.7 ಮೀಟರ್ ಹೆಚ್ಚುತ್ತದೆ (5 × 3.14). ಸೆಕೆಂಡಿಗೆ ಹದಿನಾರು ಚಿಲ್ಲರೆ ಮೀಟರ್ ಓಡುವ ಕುದುರೆಗೆ ಅದು ಹತ್ತಿರಹತ್ತಿರ ಒಂದು ಸೆಕೆಂಡು, ಅಂದರೆ ಐದಾರು ಲೆಂತ್. ಇದನ್ನು ತಿದ್ದದೆ ಟೈಮಿಂಗ್ ತುಂಬಿದರೆ ಒಳ್ಳೆಯ ಕುದುರೆಯೂ ಕುಂಟು ಕುದುರೆಯಂತೆ ಕಾಣುತ್ತದೆ. ಕಂಪ್ಯೂಟರ್‌ಗೆ ಅನುಮಾನ ಅನ್ನುವುದು ತಾನಾಗಿ ಹುಟ್ಟುವುದಿಲ್ಲ, ಕಾಲಂ ಕೊಟ್ಟರೆ ಮಾತ್ರ.

ಎಲ್ಲ ಸೇರಿ ಪ್ರತಿ ಕುದುರೆಗೂ ಒಂದು ಅಂಕ ಬರುತ್ತದೆ. ಆ ಅಂಕದ ಎಕ್ಸ್‌ಪೊನೆನ್ಶಿಯಲ್ (2.718ರ ಅಷ್ಟನೇ ಘಾತ) ತೆಗೆದು, ರೇಸಿನ ಎಲ್ಲ ಕುದುರೆಗಳ ಅಂಥ ಅಂಕಿಗಳ ಮೊತ್ತದಿಂದ ಭಾಗಿಸಿದರೆ ಗೆಲ್ಲುವ ಸಂಭವ. ಮಲ್ಟಿನಾಮಿಯಲ್ ಲಾಜಿಟ್ ಅನ್ನುವ ಈ ಮಾದರಿಯನ್ನು ಕುದುರೆ ರೇಸಿಗೆ ಹೊಂದಿಸಿ ರೂತ್ ಬೋಲ್ಟನ್ ಮತ್ತು ರ್‍ಯಾಂಡಲ್ ಚಾಪ್ಮನ್ 1986ರಲ್ಲಿ ಪ್ರಬಂಧ ಬರೆದರು. ಅದನ್ನು ಓದಿ ದುಡ್ಡು ಮಾಡಿದವನು ಬಿಲ್ ಬೆಂಟರ್. ಲಾಸ್ ವೇಗಸ್ ಕ್ಯಾಸಿನೊಗಳು ಇಸ್ಪೀಟೆಲೆ ಎಣಿಸುತ್ತಾನೆ ಅಂತ ಹೊರಗಟ್ಟಿದ ಮೇಲೆ ಅವನು ಅದೇ ಕಸುಬಿನ ಅಲನ್ ವುಡ್ಸ್ ಜೊತೆ ಹಾಂಗ್‌ಕಾಂಗ್‌ಗೆ ಹೋದ. ಆಯ್ಕೆ ಸುಮ್ಮನೆ ಮಾಡಿದ್ದಲ್ಲ. ಅಲ್ಲಿರುವುದು ಶಾ ಟಿನ್ ಮತ್ತು ಹ್ಯಾಪಿ ವ್ಯಾಲಿ ಅಂತ ಎರಡೇ ಟ್ರ್ಯಾಕ್. ತಳಿ ಬೆಳೆಸುವ ಫಾರಂಗಳಿಲ್ಲ, ಇರುವ ಸಾವಿರ ಚಿಲ್ಲರೆ ಕುದುರೆಗಳೇ ಮತ್ತೆ ಮತ್ತೆ ಪರಸ್ಪರ ಓಡುತ್ತವೆ. ಈಗಂತೂ ಕುದುರೆಯ ಮೈತೂಕ, ಪಶುವೈದ್ಯರ ದಾಖಲೆ, ಪ್ರತಿ ಹಂತದ ಟೈಮಿಂಗ್ ಎಲ್ಲವೂ ಬಹಿರಂಗ. ಒಂದು ರೇಸ್ ದಿನದ ವಹಿವಾಟು 100 ಕೋಟಿ ಹಾಂಗ್‌ಕಾಂಗ್ ಡಾಲರ್ ದಾಟುತ್ತದೆ. ಲೆಕ್ಕಕ್ಕೆ ಅದಕ್ಕಿಂತ ಅನುಕೂಲದ ಜಾಗ ಸಿಗದು.

1994ರಲ್ಲಿ ಬೆಂಟರ್ ತನ್ನ ವಿಧಾನವನ್ನು ತಾನೇ ಬರೆದು ಪ್ರಕಟಿಸಿದ. ಮನುಷ್ಯ ಗೆಲ್ಲುತ್ತಾನೋ ಕಂಪ್ಯೂಟರ್ ಗೆಲ್ಲುತ್ತದೋ ಅಂತ ವಾದ ಮಾಡುವವರು ಅದರ ಒಂದು ಭಾಗವನ್ನು ಓದಲೇಬೇಕು. ಅವನ ಮಾದರಿ ತನ್ನಷ್ಟಕ್ಕೇ ಕೊಟ್ಟ ಸಂಭವಗಳು ನಂಬಿಕೆಗೆ ಅರ್ಹವಾಗಿರಲಿಲ್ಲ. ಟೋಟ್ ಬೋರ್ಡಿನ (ಜನ ಕಟ್ಟಿದ ದುಡ್ಡು ಯಾವ ಕುದುರೆ ಮೇಲೆ ಎಷ್ಟಿದೆ ಅನ್ನುವುದರಿಂದ ದರ ತೋರಿಸುವ ಹಲಗೆ) ಬೆಲೆಗಿಂತ ಕುದುರೆ ಎಷ್ಟು ಒಳ್ಳೆಯದು ಅಂತ ಅದು ಹೇಳುತ್ತಿತ್ತೋ ಅಷ್ಟು ಒಳ್ಳೆಯದಾಗಿರುತ್ತಿರಲಿಲ್ಲ. ಟೋಟ್ ಬೋರ್ಡಿನಲ್ಲಿ ಜನ ಕಟ್ಟಿದ ಬೆಲೆಯನ್ನೇ ಮಾದರಿಗೆ ಸೇರಿಸಿ ಎರಡನ್ನೂ ಬೆರೆಸಿದ ಮೇಲೆ ಲೆಕ್ಕ ಕೂತಿತು. ಅಂದರೆ ಯಂತ್ರದ ಹಾಳೆಯ ಒಂದು ದೊಡ್ಡ ಕಾಲಂ, ರೇಸಿಗೆ ಮೊದಲು ಕುದುರೆಗಳನ್ನು ನಡೆಸಿ ತೋರಿಸುವ ಪ್ಯಾಡಾಕ್‌ನ ಕಟಕಟೆಗೆ ಒರಗಿ ನಿಂತವರ ಕಣ್ಣು.

ಮೈಸೂರಿನಲ್ಲಿ ಮಳೆ ನಿಂತ ಮೇಲೆ ನಡೆದ 1200 ಮೀಟರ್ ರೇಸಿನಲ್ಲಿ ಇದು ಹೇಗೆ ಕಾಣುತ್ತದೆ ನೋಡಿ. ಆರನೇ ನಂಬರ್ ಕುದುರೆಗೆ ನನ್ನ ಹಾಳೆ ಶೇ 24 ಕೊಟ್ಟಿತ್ತು. ಟೋಟ್ ಬೋರ್ಡ್ ಪ್ರಕಾರ ವಿನ್ ಪೂಲ್‌ನ (ಗೆಲ್ಲುವ ಕುದುರೆಗೆಂದು ಎಲ್ಲರೂ ಕಟ್ಟಿದ ಒಟ್ಟು ಮೊತ್ತ) ಶೇ 12ರಷ್ಟು ದುಡ್ಡು ಮಾತ್ರ ಅದರ ಮೇಲಿತ್ತು. ಪಕ್ಕದಲ್ಲಿ ನಿಂತ, ತಲೆಗೆ ಟವೆಲ್ ಹಾಕಿಕೊಂಡ ಹಿರಿಯ ಪಂಟರ್ ಒಬ್ಬರು ರೇಸ್ ಬುಕ್ ಮಡಚಿ ಹೇಳಿದರು: ‘ಆರು ನಂಬರ್ ನೋಡಿ ಸಾರ್, ತೊಡೆಸಂದೀಲಿ ನೊರೆ ಕಟ್ಟಿದೆ. ಗೇಟಿಗೆ ಹೋಗೋದ್ರೊಳಗೆ ಅರ್ಧ ರೇಸ್ ಓಡಿಬಿಟ್ಟಿರುತ್ತೆ.’

ಅವರು ನೋಡುತ್ತಿದ್ದುದು ಇಷ್ಟು. ಕತ್ತಿನ ಬೆವರು ಸೆಕೆಯದ್ದಿರಬಹುದು. ಹಿಂಗಾಲಿನ ನಡುವೆ ಬಿಳಿ ನೊರೆ ಬಂದರೆ ಅದು ಸಾಮಾನ್ಯವಾಗಿ ಗಾಬರಿ. ನಡೆಯುವಾಗ ಹಿಂದಿನ ಗೊರಸು ಮುಂದಿನ ಗೊರಸಿನ ಗುರುತನ್ನು ದಾಟಿ ಬೀಳುತ್ತದೆಯೇ, ಇಲ್ಲ ಮೊಟಕು ಹೆಜ್ಜೆಯೇ. ಸೈಸ್ (ಕುದುರೆ ನೋಡಿಕೊಳ್ಳುವವ) ಹಗ್ಗವನ್ನು ಸಡಿಲ ಬಿಟ್ಟಿದ್ದಾನೋ ಜಗ್ಗಿ ಹಿಡಿದಿದ್ದಾನೋ. ಹೋದ ಸಲ ಇಲ್ಲದ ಬ್ಯಾಂಡೇಜ್ ಈ ಸಲ ಮುಂಗಾಲಿಗೆ ಏಕೆ ಬಂತು. ಜೊತೆಗೆ ಇನ್ನೊಂದು ಸಂಗತಿ: ಮಳೆಯ ಹಿಂದಿನ ರೇಸಿನಲ್ಲಿ ಎಲ್ಲರೂ ರೈಲ್ ಹಿಡಿದು ಓಡಿದ್ದರು, ಮಳೆ ನಿಂತ ಮೇಲೆ ಇದಕ್ಕೂ ಮೊದಲು ನಡೆದ ರೇಸಿನಲ್ಲಿ ನೇರ ಓಟಕ್ಕೆ ತಿರುಗಿದ ಕೂಡಲೇ ಮೂವರು ಜಾಕಿಗಳು ಟ್ರ್ಯಾಕಿನ ನಡುವಿಗೆ ಬಂದರು. ಒಳಬದಿ ಕೆಸರಾಯಿತು ಅಂತ ಅರ್ಥ. ಆರನೇ ನಂಬರ್‌ಗೆ ಸಿಕ್ಕಿದ್ದು ಒಳಗಿನ ಗೇಟ್. ನನ್ನ ಹಾಳೆ ಅದನ್ನು ಲಾಭ ಅಂತ ಎಣಿಸಿತ್ತು, ಬೆಳಗಿನ ನೆಲಕ್ಕೆ ಅದು ಲಾಭವೇ.

ಹಾಗಂತ ಹಿರಿಯರ ಮಾತನ್ನು ಕಣ್ಣಿಗೊತ್ತಿಕೊಳ್ಳುವ ಹಾಗೂ ಇಲ್ಲ. ಕಣ್ಣು ಚುರುಕಾದವರಿಗೂ ಶೇ 5 ಮತ್ತು ಶೇ 2ರ ವ್ಯತ್ಯಾಸ ತಿಳಿಯುವುದಿಲ್ಲ. ಒಂದಕ್ಕೆ ಐವತ್ತು ಕೊಡುವ ಕುದುರೆಗಳ ಮೇಲೆ ಜನ ಅವುಗಳ ಯೋಗ್ಯತೆಗಿಂತ ಹೆಚ್ಚು ಸುರಿಯುತ್ತಾರೆ, ಫೇವರಿಟ್‌ಗಳ ಮೇಲೆ ಸ್ವಲ್ಪ ಕಡಿಮೆ. ಬೇರೆ ಬೇರೆ ದೇಶಗಳ ಪೂಲ್‌ಗಳಲ್ಲಿ ಇದು ದಶಕಗಳಿಂದ ಕಂಡುಬಂದಿದೆ. ಹೋದ ವಾರ ಕೈಹಿಡಿದ ಜಾಕಿಯನ್ನು ಈ ವಾರ ಮರೆಯಲು ಯಾರಿಗೂ ಆಗುವುದಿಲ್ಲ. ಹತ್ತು ಕುದುರೆಗೂ ಸಂಭವ ಹಾಕಿ ಅಂತ ಕಾಗದ ಕೊಟ್ಟರೆ ಅನುಭವಸ್ಥರು ಬರೆಯುವ ಅಂಕಿಗಳ ಮೊತ್ತ ಬಹಳ ಸಲ 100 ದಾಟುತ್ತದೆ.

ಈಗ ಬೆರೆಸುವ ಲೆಕ್ಕ. ಹಾಳೆಗೂ ಜನರ ಬೆಲೆಗೂ ಸಮ ಗೌರವ ಕೊಟ್ಟರೆ 0.24 ಮತ್ತು 0.12ರ ಗುಣಲಬ್ಧದ ವರ್ಗಮೂಲ, ಸುಮಾರು 0.17. (ಎಲ್ಲ ಕುದುರೆಗಳಿಗೂ ಹೀಗೆ ಮಾಡಿ ಮೊತ್ತವನ್ನು 1ಕ್ಕೆ ಸರಿಹೊಂದಿಸಬೇಕು, ಆಗ ಸ್ವಲ್ಪ ಆಚೀಚೆ ಆಗುತ್ತದೆ. ಸಮ ಗೌರವವೇ ಸರಿ ಅಂತಲೂ ಇಲ್ಲ, ಹಳೆಯ ರೇಸುಗಳ ಮೇಲೆ ಪರೀಕ್ಷಿಸಿ ತೂಕ ಹಾಕಬೇಕು.) ಟೋಟ್ ಶೇ 20 ಕಡಿತ ಮಾಡುತ್ತದೆ ಅಂತ ಇಟ್ಟುಕೊಂಡರೆ, ಶೇ 12ರ ಪಾಲಿರುವ ಕುದುರೆ ಗೆದ್ದಾಗ ರೂಪಾಯಿಗೆ 6.67 ಕೊಡುತ್ತದೆ. 0.17 × 6.67 = 1.13. ನೂರು ಹಾಕಿದರೆ ಸರಾಸರಿ 113. ಹಾಳೆಯ 24ನ್ನೇ ನಂಬಿದ್ದರೆ 160 ಅಂತ ಕಾಣುತ್ತಿತ್ತು.

ವ್ಯತ್ಯಾಸ ಬರೀ ಆಸೆಯದ್ದಲ್ಲ, ಎಷ್ಟು ಹಾಕಬೇಕು ಅನ್ನುವುದರದ್ದು. ಗಂಟಿನಲ್ಲಿ (ಬಾಜಿಗೆಂದು ಇಟ್ಟ ಒಟ್ಟು ದುಡ್ಡು) ಎಷ್ಟು ಪಾಲು ಹಾಕಬೇಕು ಅಂತ ಹೇಳುವ ಕೆಲಿ ಸೂತ್ರದ ಪ್ರಕಾರ ಲಾಭಾಂಶವನ್ನು ಗೆಲುವಿನ ನಿವ್ವಳ ದರದಿಂದ ಭಾಗಿಸಬೇಕು: 0.13 ÷ 5.67, ಅಂದರೆ ಗಂಟಿನ ಶೇ 2.3ರಷ್ಟು. 50,000 ರೂಪಾಯಿ ಗಂಟಿದ್ದರೆ ಸುಮಾರು 1,150. ಸಂಭವ 0.24 ಅಂತ ನಂಬಿದರೆ ಅದೇ ಸೂತ್ರ ಶೇ 10.6, ಅಂದರೆ 5,300 ಹಾಕು ಅನ್ನುತ್ತದೆ. ನಿಜವಾದ ಸಂಭವ 0.17 ಇರುವಾಗ ಇಷ್ಟಿಷ್ಟು ಹಾಕುತ್ತಾ ಹೋದವರ ಗಂಟು, ಲಾಭದ ಬಾಜಿಯಾಗಿದ್ದರೂ ಕರಗುತ್ತದೆ. ಅದಕ್ಕೇ ಪೂರ್ತಿ ಕೆಲಿ ಹಾಕುವವರು ಕಡಿಮೆ. ಬಹಳ ಜನ ಅರ್ಧ, ಕಾಲು ಭಾಗ ಹಾಕುತ್ತಾರೆ.

ನಮ್ಮ ಕಡೆಯ ಪೂಲ್‌ಗಳ ಗಾತ್ರಕ್ಕೆ ಇನ್ನೊಂದು ತೊಡಕು ಇದೆ. ವಿನ್ ಪೂಲ್ ಎರಡು ಲಕ್ಷದ್ದಾದರೆ ಆರನೇ ನಂಬರ್ ಮೇಲಿರುವುದು 24,000. ಅದರ ಮೇಲೆ ನೀವೇ 5,000 ಹಾಕಿದರೆ ಪಾಲು ಶೇ 14.1ಕ್ಕೆ ಏರಿ, ಕೊಡುವ ದರ 5.65ಕ್ಕೆ ಇಳಿಯುತ್ತದೆ. 0.17 × 5.65 = 0.96. ನಿಮ್ಮ ಬಾಜಿಯೇ ನಿಮ್ಮ ಲಾಭವನ್ನು ತಿಂದಿತು. ಹಾಂಗ್‌ಕಾಂಗ್‌ನಲ್ಲಿ ನೂರಕ್ಕೂ ಹೆಚ್ಚು ಅಂಶಗಳ ಮಾದರಿ ಕಟ್ಟಲು ಖರ್ಚು ಮಾಡಿದ್ದು ಗಿಟ್ಟಿತೆಂದರೆ ಅದಕ್ಕೆ ಅಲ್ಲಿನ ಪೂಲ್ ಕಾರಣ.

ಇದರ ಮೇಲೆ ತೆರಿಗೆ. ಕುದುರೆ ರೇಸ್ ಮುಖ್ಯವಾಗಿ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಆದರೆ ಬಾಜಿಯ ಮುಖಬೆಲೆಯ ಮೇಲೆ ಶೇ 28 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 40 ಆಗಿದೆ. ಸರಾಸರಿ 113 ಬರುವ ಬಾಜಿಗೆ 140 ತೆರಬೇಕಾದರೆ ಬೆಂಟರ್‌ನ ಮಾದರಿ ಇದ್ದರೂ, ಟವೆಲಿನ ಹಿರಿಯರ ಕಣ್ಣಿದ್ದರೂ ಕೈಸುಡುತ್ತದೆ. ಇಲ್ಲಿ ಈ ಲೆಕ್ಕವನ್ನು ಹವ್ಯಾಸಕ್ಕೆ ಮಾಡಬಹುದು, ಹೊಟ್ಟೆಪಾಡಿಗೆ ಸಲ್ಲದು.

ಆರನೇ ನಂಬರ್ ನಾಲ್ಕನೆಯದಾಗಿ ಬಂತು. ಅದರಿಂದ ಹಾಳೆ ತಪ್ಪು, ಕಣ್ಣು ಸರಿ ಅಂತ ಆಗಲಿಲ್ಲ. ಶೇ 17ರ ಕುದುರೆ ನೂರರಲ್ಲಿ 83 ಸಲ ಸೋಲಬೇಕಾದದ್ದೇ. ಯಾರ ಅಂದಾಜು ವಾಸಿ ಅಂತ ತಿಳಿಯಬೇಕಾದರೆ ಮೂರು ಕಾಲಂ ಇಡಬೇಕು: ಹಾಳೆಯ ಸಂಭವ, ಪ್ಯಾಡಾಕ್ ನೋಡಿದ ಮೇಲೆ ನಿಮ್ಮ ಸಂಭವ, ಗೇಟ್ ತೆರೆದಾಗಿನ ಟೋಟ್ ಸಂಭವ. ಮೂರನೆಯದನ್ನು ಮೊದಲೇ ಬರೆದಿಟ್ಟರೆ ಉಪಯೋಗವಿಲ್ಲ, ದೊಡ್ಡ ದುಡ್ಡು ಬರುವುದೇ ಕೊನೆಯ ನಿಮಿಷದಲ್ಲಿ. ಪ್ರತಿ ರೇಸಿನ ಬಳಿಕ, ಗೆದ್ದ ಕುದುರೆಗೆ ಪ್ರತಿ ಕಾಲಂ ಕೊಟ್ಟಿದ್ದ ಸಂಭವದ ಲಾಗರಿದಂ ತೆಗೆದು ಕೂಡಿಸುತ್ತ ಹೋಗಿ. ಸೊನ್ನೆಗೆ ಹತ್ತಿರವಿರುವ ಮೊತ್ತವೇ ಮೇಲು. ಕೆಲವು ನೂರು ರೇಸ್ ಆಗುವ ತನಕ ವ್ಯತ್ಯಾಸಕ್ಕೆ ಬೆಲೆಯಿಲ್ಲ. ಎರಡನೇ ಕಾಲಂ ತುಂಬುವಾಗ ಟೋಟ್ ಬೋರ್ಡ್ ಕಡೆ ಬೆನ್ನು ಹಾಕಿ ನಿಲ್ಲಿ, ಇಲ್ಲದಿದ್ದರೆ ನಿಮ್ಮ ಕೈ ಬೋರ್ಡಿನ ಅಂಕಿಯನ್ನೇ ಬರೆಯುತ್ತದೆ. ಕೊನೆ ಗಳಿಗೆಯಲ್ಲಿ ಕುದುರೆಯೊಂದು ಹಿಂದೆ ಸರಿದರೆ ಉಳಿದವುಗಳ ಅಂಕಿಗಳನ್ನು ಮತ್ತೆ 100ಕ್ಕೆ ಸರಿಹೊಂದಿಸಿಕೊಂಡೇ ದಾಖಲಿಸಬೇಕು.