ರಾತ್ರಿಯೂಟಕ್ಕೆ ಸ್ಲಾಪಿ ಜೋ

ಇಂದು ರಾತ್ರಿ ಮನೆಯವರೆಲ್ಲರಿಗೂ ಸ್ಲಾಪಿ ಜೋ, ಅಂದರೆ ದನದ ಮಾಂಸದ ಖೀಮಾವನ್ನು ಟೊಮೆಟೊ ಸಾಸ್‌ನಲ್ಲಿ ಬೇಯಿಸಿ ಬನ್ನಿನೊಳಗೆ ತುಂಬುವ ಸ್ಯಾಂಡ್‌ವಿಚ್ ಮಾಡಿದೆ. ಇದರ ರುಚಿಯೆಲ್ಲ ಹುರಿಯುವುದರಲ್ಲಿದೆ ಎಂಬುದು ನನ್ನ ದೃಢ ನಂಬಿಕೆ. ಅಗಲವಾದ ಬಾಣಲೆಯಲ್ಲಿ ಖೀಮಾವನ್ನು ಹರಡಿ, ನೀರಿನಂಶ ಪೂರ್ತಿ ಆರಿ ಕಂದು ಬಣ್ಣ ಬರುವವರೆಗೆ ಹುರಿದು, ಹೆಚ್ಚಿನ ಕೊಬ್ಬನ್ನು ಬಸಿದ ಮೇಲಷ್ಟೇ ಈರುಳ್ಳಿ, ದೊಣ್ಣೆಮೆಣಸಿನಕಾಯಿ, ಬೆಳ್ಳುಳ್ಳಿಗಳನ್ನು ಸೇರಿಸಬೇಕು. ಅವಸರಪಟ್ಟು ಸಾಸ್ ಸುರಿದರೆ ಮಾಂಸ ಬೇಯುತ್ತದೆಯೇ ಹೊರತು ಆ ಘಮ ಹುಟ್ಟುವುದಿಲ್ಲ. ಕೆಚಪ್, ಸಾಸಿವೆ ಪೇಸ್ಟ್, ವಿನೆಗರ್, ತುಸು ಕಂದು ಸಕ್ಕರೆ ಬೆರೆಸಿ ಸಣ್ಣ ಉರಿಯಲ್ಲಿ 15–20 ನಿಮಿಷ ಕುದಿಸಿದರೆ ಸಾಸ್ ಗಟ್ಟಿಯಾಗಿ ಮಾಂಸಕ್ಕೆ ಹಿಡಿಯುತ್ತದೆ. ಬೆಣ್ಣೆ ಹಚ್ಚಿ ಕಾಯಿಸಿದ ಬನ್ನು ಬೇಗ ನೆನೆಯುವುದಿಲ್ಲ. ಎರಡೂ ಕೈಗಳಿಂದ ಹಿಡಿದು ತಿನ್ನಬೇಕಾದ್ದರಿಂದ ಊಟ ಮುಗಿಯುವವರೆಗೆ ಯಾರೂ ಫೋನ್ ಮುಟ್ಟುವುದಿಲ್ಲ ಎಂಬುದೂ ಇದು ನನಗೆ ಪ್ರಿಯವಾಗಿರಲು ಒಂದು ಕಾರಣ.